ರೈಡರ್ ಜಿತೇಶನ ಬಲಗೈ

ಕಟಪಾಡಿ ಜಂಕ್ಷನ್ನಿನ ಫ್ಲೆಕ್ಸ್ ಅಂಗಡಿಯಲ್ಲಿ ಜಿತೇಶ್ ಕಂಪ್ಯೂಟರಿನ ಮುಂದೆ ಕುಳಿತು ತನ್ನದೇ ಎಡಗಾಲನ್ನು ಫೋಟೋದ ಹಿನ್ನೆಲೆಯಿಂದ ಬಿಡಿಸುತ್ತಿದ್ದ. ಪರದೆಯ ಮೇಲೆ ಆ ಕಾಲು ಗಾಳಿಯಲ್ಲಿ ಉದ್ದಕ್ಕೆ ಚಾಚಿಕೊಂಡಿತ್ತು. ಹೆಬ್ಬೆರಳ ತುದಿ ಎದುರಾಳಿಯ ಮೊಣಕಾಲಿಗೆ ತಾಗಿತ್ತು. ಬಲಗೈ ಎದೆಯ ಮೇಲಿತ್ತು. ಹೊರಗೆ ಬಸ್ಸುಗಳ ಹಾರ್ನ್, ಒಳಗೆ ಯಾವುದೋ ಗೃಹಪ್ರವೇಶದ ಬ್ಯಾನರನ್ನು ನಿಧಾನವಾಗಿ ಹೊರಕ್ಕೆ ತಳ್ಳುತ್ತಿದ್ದ ಪ್ರಿಂಟಿಂಗ್ ಮೆಷಿನ್.

"ಬೆರಳು ಸ್ವಲ್ಪ ದೊಡ್ಡದು ಮಾಡು ಮಾರಾಯ," ಎಂದ ಬೆನ್ನ ಹಿಂದೆ ನಿಂತಿದ್ದ ಕಾರ್ಲ್ಟನ್. "ರಸ್ತೆಯಲ್ಲಿ ಹೋಗುವವರಿಗೆ ಕಾಣ್ಬೇಕು."

"ಇನ್ನು ದೊಡ್ಡದು ಮಾಡಿದ್ರೆ ಆನೆಕಾಲು ಬಂದ ಹಾಗೆ ಕಾಣ್ತದೆ."

"ಕಾಣ್ಲಿ. ಕೈ ಮಾತ್ರ ಸರಿಯಾಗಿ ಬರ್ಬೇಕು. ಜನ ಬರುವುದೇ ಕೈ ನೋಡ್ಲಿಕ್ಕೆ."

ಕಾರ್ಲ್ಟನ್‌ಗೆ ಕಾಪುವಿನಲ್ಲಿ ಬೇಕರಿ ಇತ್ತು. ಅದನ್ನು ಹೆಂಡತಿ ನೋಡಿಕೊಳ್ಳುತ್ತಿದ್ದಳು. ಅವನ ನಿಜವಾದ ಕಸುಬು ಕಬಡ್ಡಿಯ ಮೈಕ್. ಕಾಪುವಿನಿಂದ ಕಾರ್ಕಳದ ತನಕ ಎಲ್ಲಿ ಮ್ಯಾಟ್ ಹಾಸಿದರೂ ವೀಕ್ಷಕ ವಿವರಣೆ ಅವನದೇ. ಈಗ ತನ್ನದೇ ಸಂಘದ ಪಂದ್ಯಾಟಕ್ಕೆ ಅತಿಥಿ ಆಟಗಾರನಾಗಿ ಜಿತೇಶನನ್ನು ಕರೆದಿದ್ದ. ಅದರ ಫ್ಲೆಕ್ಸನ್ನು ಜಿತೇಶನ ಅಂಗಡಿಯಲ್ಲಿ, ಜಿತೇಶನ ಕೈಯಿಂದಲೇ ಮಾಡಿಸುತ್ತಿದ್ದ.

"ಹೆಸರಿನ ಕೆಳಗೆ ಎಂತ ಹಾಕುವುದು?" ಎಂದು ಕೇಳಿದ ಜಿತೇಶ್.

"ಯಾವಾಗಲೂ ಹಾಕುವುದೆಂತ? ಸಂಸ್ಕಾರವಂತ ರೈಡರ್."

"ಈ ಸಲ ಬರೀ ಆಟಗಾರ ಅಂತ ಹಾಕಿದ್ರೆ?"

"ಆಟಗಾರರು ನಮ್ಮ ಊರಲ್ಲೇ ಬೇಕಾದಷ್ಟು ಇದ್ದಾರೆ. ಬರೀ ಆಟಗಾರ ಸಾಕಾದ್ರೆ ನಿನ್ನನ್ನು ಎಂತಕ್ಕೆ ಕರೆಯುವುದು?" ಕಾರ್ಲ್ಟನ್ ಬಗ್ಗಿ ಅವನ ಮುಖ ನೋಡಿದ. "ಕಾಲಿಗೆ ಪೆಟ್ಟು ಗಿಟ್ಟು ಉಂಟಾ?"

"ಇಲ್ಲ."

"ಮತ್ತೆಂತ?"

ಜಿತೇಶ್ ಹೆಸರಿನ ಕೆಳಗೆ ಸಂಸ್ಕಾರವಂತ ರೈಡರ್ ಎಂದು ಕೂರಿಸಿ ಬಣ್ಣ ಹಳದಿ ಮಾಡಿದ. ಹೇಳಬೇಕಾದದ್ದು ಇತ್ತು. ಆದರೆ ಕಾರ್ಲ್ಟನ್‌ಗೆ ಹೇಳುವುದು ಎಂದರೆ ಮೈಕಿನಲ್ಲಿ ಹೇಳಿದ ಹಾಗೆ.

ವಿಷಯ ಇಷ್ಟು. ಕಟಪಾಡಿಯ ರೈಡರ್ ಜಿತೇಶ್ ರೈಡರ್ ಆಗಿರುವುದನ್ನು ಬಿಡುತ್ತಿದ್ದ. ಎಡ ಕಾರ್ನರ್ ಆಗುವುದಕ್ಕೆ ಗುಟ್ಟಾಗಿ ಕಲಿಯುತ್ತಿದ್ದ.

ಕಬಡ್ಡಿಯಲ್ಲಿ ರೈಡರ್ ಎಂದರೆ ಉಸಿರು ಕಟ್ಟಿ ಒಬ್ಬನೇ ಎದುರಿನ ಅಂಗಳಕ್ಕೆ ನುಗ್ಗುವವನು. ಯಾರನ್ನಾದರೂ ಮುಟ್ಟಿ ನಡುಗೆರೆಗೆ ವಾಪಸಾದರೆ ಅಂಕ. ಅವನನ್ನು ಹಿಡಿದು ನಿಲ್ಲಿಸಬೇಕಾದವರು ಎದುರಿನ ಏಳು ಮಂದಿ. ಅವರ ಸಾಲಿನ ಎರಡು ತುದಿಗಳಲ್ಲಿ ನಿಲ್ಲುವವರು ಕಾರ್ನರ್‌ಗಳು. ಅವರ ಮುಖ್ಯ ಕೆಲಸ ರೈಡರನ ಪಾದಕ್ಕೆ ಎರಗಿ ಹಿಡಿದು ಬಿಡದೇ ಇರುವುದು. ಫ್ಲೆಕ್ಸಿನಲ್ಲಿ ಬರುವುದು ರೈಡರನ ಫೋಟೋ. ಕಾರ್ನರ್‌ನ ಫೋಟೋ ಬರುವುದಿದ್ದರೆ ರೈಡರನ ಕಾಲಬುಡದಲ್ಲಿ, ಮುಖ ಕಾಣದ ಹಾಗೆ. ಮೊಣಕಾಲು ಹೋದ ರೈಡರ್ ಹಿಂದಕ್ಕೆ ಸರಿದು ಕಾರ್ನರ್ ಆಗುತ್ತಾನೆ ಎಂಬುದು ಈ ಕಡೆಯ ತಿಳಿವಳಿಕೆ. ಜಿತೇಶ್ ಕಾರ್ನರ್ ಕಲಿಯುತ್ತಿದ್ದಾನೆ ಎಂಬ ಸುದ್ದಿ ಹರಡಿದರೆ, ಅವನ ಕಾಲು ಮುಗಿಯಿತಂತೆ ಎಂದೇ ಜನ ಮಾತಾಡುತ್ತಿದ್ದರು.

ಅವನ ಕೈಯ ಕಥೆ ಕಾಲಿನ ಕಥೆಗಿಂತ ಹಳೆಯದು. ತಾಯಿ ಸ್ವರ್ಣಲತಾ ಅಂಗನವಾಡಿ ಟೀಚರ್. ಯಾರಿಗಾದರೂ ಕಾಲು ತಾಗಿದರೆ ಕೂಡಲೇ ಅವರನ್ನು ಮುಟ್ಟಿ ಕೈಯನ್ನು ಎದೆಗೆ ಒತ್ತಿಕೊಳ್ಳಬೇಕು ಎಂಬುದು ಅವರು ಮಕ್ಕಳಿಗೆ ಕಲಿಸುತ್ತಿದ್ದ ಮೊದಲ ಪಾಠ. ಬೇರೆ ಮಕ್ಕಳು ಅಂಗನವಾಡಿ ಬಿಟ್ಟ ಮೇಲೆ ಅದನ್ನು ಮರೆಯುತ್ತಿದ್ದರು. ಜಿತೇಶನಿಗೆ ಟೀಚರೇ ತಾಯಿಯಾದ್ದರಿಂದ ಬಿಡುಗಡೆಯಾಗಲಿಲ್ಲ. ಪುಸ್ತಕಕ್ಕೆ, ಬಾಗಿಲ ಹೊಸ್ತಿಲಿಗೆ, ಪಕ್ಕದಲ್ಲಿ ಮಲಗಿದವರಿಗೆ, ಬಸ್ಸಿನಲ್ಲಿ ಎದುರು ಸೀಟಿನವರಿಗೆ, ಕಾಲು ಎಲ್ಲಿ ತಾಗಿದರೂ ಕೈ ಎದೆಗೆ ಹೋಗುತ್ತಿತ್ತು. ಹೈಸ್ಕೂಲಿನಲ್ಲಿ ಕಬಡ್ಡಿಗೆ ಸೇರಿದ. ಕಾಲಿನ ಬೆರಳಿನಿಂದ ಮುಟ್ಟಿ ಓಡುವ ಚಳಕ, ಆಟದವರು ಟೋ ಟಚ್ ಎನ್ನುವುದು, ಅವನಿಗೆ ಬೇಗ ಒಲಿಯಿತು. ಕಾಲಿನ ಹಿಂದೆ ಕೈಯೂ ಬಂತು. ಬೆರಳು ತಾಗಿದ ಕ್ಷಣದಲ್ಲೇ, ಇನ್ನೂ ಓಡುತ್ತಿರುವಾಗಲೇ, ಬಲಗೈ ಎದೆಗೆ.

ಮೊದಮೊದಲು ನಗುತ್ತಿದ್ದವರು ಆಮೇಲೆ ಇದನ್ನೇ ಕಾಯತೊಡಗಿದರು. ರೈಡರ್ ಟಚ್ ಆಯಿತು ಎನ್ನುತ್ತಾನೆ, ಎದುರಿನವನು ಇಲ್ಲ ಎನ್ನುತ್ತಾನೆ, ಊರ ಪಂದ್ಯಾಟಗಳಲ್ಲಿ ಅರ್ಧ ಜಗಳ ಹುಟ್ಟುವುದು ಇಲ್ಲಿಂದ. ಜಿತೇಶನ ಮಟ್ಟಿಗೆ ಆ ಜಗಳವೇ ಇರಲಿಲ್ಲ. ಅಂಪೈರ್ ಕಾಲನ್ನು ನೋಡುವುದನ್ನು ಬಿಟ್ಟು ಕೈಯನ್ನು ನೋಡುತ್ತಿದ್ದರು. ಎದೆಗೆ ಹೋದರೆ ಔಟ್. ಹೋಗದಿದ್ದರೆ ಇಲ್ಲ. ಎದುರಾಳಿಗಳೂ ಒಪ್ಪಿ ಅವರಷ್ಟಕ್ಕೆ ಹೊರಗೆ ನಡೆಯುತ್ತಿದ್ದರು. ಒಮ್ಮೆ ಬ್ರಹ್ಮಾವರದ ಕಡೆಯ ಫೈನಲಿನಲ್ಲಿ ಕೊನೆಯ ರೈಡ್. ಒಂದು ಅಂಕ ಬೇಕಿತ್ತು. ಬೆರಳು ಕೂದಲೆಳೆಯಷ್ಟು ಅಂತರದಲ್ಲಿ ತಪ್ಪಿತು. ಜಿತೇಶ್ ಟಚ್ ಎಂದು ಬೆರಳೆತ್ತಿ ಕೂಗಿದ. ಅಂಪೈರ್ ಅವನ ಬಲಗೈ ನೋಡಿದರು. ಅದು ತೊಡೆಯ ಪಕ್ಕದಲ್ಲಿ ನೇತಾಡುತ್ತಿತ್ತು. ಅವನ ತಂಡ ಸೋತಿತು. ಕಾರ್ಲ್ಟನ್ ಆ ಸಂಜೆ ಮೈಕಿನಲ್ಲಿ, "ಬಾಯಿ ಸುಳ್ಳು ಹೇಳಿತು, ಕೈ ಹೇಳಲಿಲ್ಲ" ಎಂದ. ಸಂಸ್ಕಾರವಂತ ರೈಡರ್ ಎಂಬ ಬಿರುದು ಅವತ್ತೇ ಹುಟ್ಟಿದ್ದು. ಪಂದ್ಯ ಸೋತು ಬಿರುದು ಪಡೆದ ಆಟಗಾರರು ಆ ಕಡೆ ಬೇರೆ ಇರಲಿಲ್ಲ.

ಉಡುಪಿಯ ಕಾಲೇಜಿಗೆ ಕ್ರೀಡಾ ಕೋಟಾದಲ್ಲಿ ಸೇರಿದ, ವಿಶ್ವವಿದ್ಯಾಲಯದ ತಂಡಕ್ಕೂ ಆಡಿದ. ಹಿಂದಿನ ವರ್ಷ ದೊಡ್ಡ ಊರಿನಲ್ಲಿ ನಡೆದ ವೃತ್ತಿಪರ ಲೀಗಿನ ಟ್ರಯಲ್ಸ್‌ಗೂ ಹೋದ. ಅಲ್ಲಿ ಟಚ್ ಆಯಿತೋ ಇಲ್ಲವೋ ಎಂದು ನೋಡಲು ಕ್ಯಾಮೆರಾ ಇತ್ತು. ಅವನ ಕೈಗೆ ಅಲ್ಲಿ ಕೆಲಸವಿರಲಿಲ್ಲ. ರೈಡರ್‌ಗಳ ಸಾಲು ಕ್ರೀಡಾಂಗಣದ ಗೇಟಿನ ತನಕ ಇತ್ತು, ಹೆಚ್ಚಿನವರು ಅವನಿಗಿಂತ ಗೇಣು ಎತ್ತರ. ಎರಡು ರೈಡ್ ಮಾಡಿಸಿ ಕಳಿಸಿದರು.

ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕ ಕ್ಲಾರೆನ್ಸ್ ಸರ್ ಆ ಟ್ರಯಲ್ಸ್‌ನ ಕೋಚ್ ಒಬ್ಬರನ್ನು ಪರಿಚಯದ ಮೇಲೆ ವಿಚಾರಿಸಿ ಬಂದಿದ್ದರು. ಜಿತೇಶನನ್ನು ಕರೆದು ಹೇಳಿದರು.

"ರೈಡರ್ ಅವರಿಗೆ ಬೇಡ. ಬುಟ್ಟಿಯಲ್ಲಿ ಬಂಗುಡೆ ಮೀನು ಬಂದ ಹಾಗೆ ಬರ್ತಾರಂತೆ. ಎಡ ಕಾರ್ನರ್ ಇದ್ರೆ ಹೇಳಿ ಅಂದ್ರು. ನಿನ್ನ ಎತ್ತರಕ್ಕೆ ಕಾರ್ನರ್ ಸರಿ. ನೆಲದ ಹತ್ತಿರ ಇದ್ದಿಯಲ್ಲ."

"ನಾನು ಯಾವತ್ತೂ ಯಾರನ್ನೂ ಹಿಡಿದವನಲ್ಲ ಸರ್."

"ನಿನ್ನನ್ನು ಹಿಡಿದಿದ್ದಾರಲ್ಲ? ಎಲ್ಲಿ ಹಿಡಿದ್ರೆ ಬಿಡಿಸ್ಲಿಕ್ಕೆ ಆಗುವುದಿಲ್ಲ ಅಂತ ನಿನಗೆ ಗೊತ್ತುಂಟಲ್ಲ? ಅದೇ. ಮುಂದಿನ ಟ್ರಯಲ್ಸ್ ಮಣಿಪಾಲದಲ್ಲೇ. ಹೊಸಬರನ್ನು ತೆಗೆದುಕೊಳ್ಳುವ ವಯಸ್ಸು ನಿನಗೆ ಇದೊಂದು ವರ್ಷ ಮಾತ್ರ. ಆಮೇಲೆ ನೀನು ಫ್ಲೆಕ್ಸಿಗೇ."

ಕಲಿಸುವವರನ್ನೂ ಅವರೇ ಹುಡುಕಿದರು. ಅಜೆಕಾರಿನ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದ ಭವ್ಯಶ್ರೀ ಒಂದು ಕಾಲದಲ್ಲಿ ರಾಜ್ಯ ಮಹಿಳಾ ತಂಡದ ಎಡ ಕಾರ್ನರ್. ಅವರು ಹಿಡಿದ ಪಾದ ಬಿಡಿಸಿಕೊಂಡು ಹೋದವರ ಹೆಸರುಗಳನ್ನು ಕ್ಲಾರೆನ್ಸ್ ಸರ್ ಒಂದು ಕೈಯ ಬೆರಳಿನಲ್ಲಿ ಎಣಿಸಿ ಮುಗಿಸಿದರು.

ಮನೆಯಲ್ಲಿ ಏನು ಹೇಳುವುದು ಎಂಬ ಪ್ರಶ್ನೆ ಬಂತು. ತಂದೆ ವಿಠಲ ಮಸ್ಕತ್‌ನ ಒಂದು ಬೋರ್ಡ್ ಕಂಪನಿಯಲ್ಲಿ ದುಡಿದು ಬಂದು ಈ ಅಂಗಡಿ ಹಾಕಿದವರು. ಮಗನ ಕಬಡ್ಡಿಯ ಮೇಲೆ ಅವರಿಗೆ ಸಿಟ್ಟೇನೂ ಇರಲಿಲ್ಲ. ಪಂದ್ಯಾಟದವರೆಲ್ಲ ಫ್ಲೆಕ್ಸಿಗೆ ಇಲ್ಲಿಗೇ ಬರುತ್ತಿದ್ದರು. ಮಗ ರೈಡರ್ ಅಲ್ಲ ಎಂದಾದರೆ ಬರುವರೋ ಇಲ್ಲವೋ. ಹಾಗಾಗಿ ಜಿತೇಶ್, ಅಜೆಕಾರು ಕಡೆ ಫ್ಲೆಕ್ಸ್ ಆರ್ಡರ್ ಹಿಡಿಯಲು ಹೋಗುತ್ತೇನೆ ಎಂದ.

ಕಟಪಾಡಿಯಿಂದ ಕಾರ್ಕಳಕ್ಕೆ ಒಂದು ಬಸ್ಸು, ಕಾರ್ಕಳದಿಂದ ಅಜೆಕಾರಿಗೆ ಇನ್ನೊಂದು. ಆರ್ಡರಿಗೆಂದು ಹೋದವನು ಬರಿಗೈಯಲ್ಲಿ ಬರಲಾಗುವುದಿಲ್ಲವಲ್ಲ. ಅಭ್ಯಾಸ ಮುಗಿದ ಮೇಲೆ ಪೇಟೆಯಲ್ಲಿ ಒಂದೆರಡು ಅಂಗಡಿ ಹತ್ತಿ ಇಳಿಯುತ್ತಿದ್ದ. ಬೆವರಿ, ಅಂಗಿಗೆಲ್ಲ ಮಣ್ಣು ಮೆತ್ತಿಕೊಂಡು ಬಂದ ಹುಡುಗನನ್ನು ನೋಡಿದ ಅಂಗಡಿಯವರಿಗೆ, ಪಾಪ, ವ್ಯಾಪಾರಕ್ಕೆ ಎಷ್ಟು ಓಡಾಡುತ್ತಾನೆ ಎನಿಸುತ್ತಿತ್ತು. ಆರ್ಡರ್ ಕೊಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಕಾರ್ಕಳ ತಾಲೂಕಿನ ಅರ್ಧ ಭಜನಾ ಮಂಡಳಿಗಳ ಬ್ಯಾನರ್ ಕಟಪಾಡಿಯಲ್ಲಿ ಪ್ರಿಂಟ್ ಆಗುತ್ತಿತ್ತು.

"ಇವನ ಒಳಗೆ ಇಂಥ ವ್ಯಾಪಾರಿ ಇದ್ದಾನೆ ಅಂತ ನನಗೆ ಗೊತ್ತೇ ಇರ್ಲಿಲ್ಲ," ಎಂದು ವಿಠಲ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದರು. "ದೀಪಾವಳಿಗೆ ಕಾರ್ಕಳದಲ್ಲಿ ಒಂದು ಬ್ರಾಂಚ್ ಹಾಕುವ. ಇವನೇ ಕೂತ್ಕೊಳ್ಳಲಿ."

ಜಿತೇಶ್ ಅನ್ನ ಕಲಸುತ್ತ ಕುಳಿತ. ಟ್ರಯಲ್ಸ್ ಇದ್ದದ್ದು ದೀಪಾವಳಿಗೆ ಮೊದಲು. ಅಲ್ಲಿ ಗೆದ್ದರೆ ಲೀಗ್, ಸೋತರೆ ಕಾರ್ಕಳದ ಬ್ರಾಂಚ್. ತಾನು ಹೇಳಿದ ಸುಳ್ಳಿಗೆ ತಾನೇ ಮ್ಯಾನೇಜರ್.

ಭವ್ಯಶ್ರೀ ಮೊದಲ ದಿನ ಅವನನ್ನು ಶಾಲೆಯ ಮೈದಾನದ ಮೂಲೆಗೆ ಕರೆದುಕೊಂಡು ಹೋಗಿ, ಟ್ರ್ಯಾಕ್ ಪ್ಯಾಂಟಿನ ಕಾಲನ್ನು ಮಡಚಿ, ಒಂದು ಪಾದ ಮುಂದಿಟ್ಟು ನಿಂತರು.

"ಹಿಡಿ."

ಜಿತೇಶ್ ಹಿಂದೆ ಮುಂದೆ ನೋಡಿದ. ರಸ್ತೆಯ ಆಚೆ ಹಾಲಿನ ಡೈರಿಯ ಮುಂದೆ ಕ್ಯಾನ್ ಹಿಡಿದು ನಿಂತವರು ಇವರನ್ನೇ ನೋಡುತ್ತಿದ್ದರು.

"ಎಂತ ನೋಡುವುದು? ನಾನು ನಿನಗೆ ಅಕ್ಕ ಅಲ್ವಾ? ಅಕ್ಕನ ಕಾಲು ಹಿಡಿದ್ರೆ ಯಾರೂ ಎಂತದೂ ಹೇಳುವುದಿಲ್ಲ. ಹಿಡಿ."

ಡೈರಿಯ ಕಡೆಯಿಂದ ಒಬ್ಬರು ಕೂಗಿದರು. "ಟೀಚರೇ, ಅವನು ಎಂತ ತಪ್ಪು ಮಾಡಿದ್ದು?"

"ಇನ್ನೂ ಮಾಡ್ಲಿಲ್ಲ. ಈಗ ಮಾಡ್ತಾನೆ, ನೋಡಿ," ಎಂದರು ಭವ್ಯಶ್ರೀ.

ಮಾಡಿದ. ಎರಗಿ ಹಿಡಿದದ್ದೇನೋ ಚೆನ್ನಾಗಿತ್ತು. ಕ್ಲಾರೆನ್ಸ್ ಸರ್ ಹೇಳಿದ್ದು ನಿಜ. ಎಷ್ಟೋ ವರ್ಷ ಹಿಡಿಸಿಕೊಂಡವನಿಗೆ ಹಿಡಿಯುವ ಜಾಗ ಗೊತ್ತಿತ್ತು. ಹಿಮ್ಮಡಿಯ ಹಿಂದೆ ಒಂದು ಕೈ, ಮುಂದೆ ಒಂದು ಕೈ, ಎರಡನ್ನೂ ಸೇರಿಸಿ ಬೀಗ, ಮೈಯೆಲ್ಲ ನೆಲಕ್ಕೆ. ಭವ್ಯಶ್ರೀ ಕಾಲು ಎಳೆದುಕೊಂಡಾಗ ಅವನೂ ಮಣ್ಣಿನಲ್ಲಿ ಜಾರುತ್ತ ಬಂದ. ಬಂದ ರಭಸಕ್ಕೆ ಅವನ ಮೊಣಕಾಲು ತಿರುಗಿ ಪಾದ ಅವರ ಇನ್ನೊಂದು ಕಾಲಿಗೆ ತಾಗಿತು. ಬಲಗೈ ಬೀಗ ಬಿಟ್ಟು ಎದೆಗೆ ಹೋಯಿತು. ಭವ್ಯಶ್ರೀ ಆರಾಮವಾಗಿ ನಡೆದು ಹೋಗಿ ದೂರ ನಿಂತರು.

"ಇದೆಂತದು?"

"ಕಾಲು ತಾಗಿತಲ್ಲ ಅಕ್ಕ."

"ತಾಗುವುದೇ. ಕಾರ್ನರ್ ಅಂದ್ರೆ ನೆಲದಲ್ಲಿ ಬಿದ್ದು ಹೊರಳುವುದು. ನಿನ್ನ ಕಾಲು ಅವನ ಮುಖಕ್ಕೆ ತಾಗ್ತದೆ, ಅವನ ಕಾಲು ನಿನ್ನ ಮುಖಕ್ಕೆ ತಾಗ್ತದೆ. ನಮಸ್ಕಾರ ವಿಸಿಲ್ ಆದ ಮೇಲೆ ಮಾಡು. ಅವನು ಎಲ್ಲಿಗೂ ಹೋಗುವುದಿಲ್ಲ."

"ಅಷ್ಟರಲ್ಲಿ ಮರೆತು ಹೋದ್ರೆ?"

ಭವ್ಯಶ್ರೀ ಅವನ ಮುಖ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಯಿತು.

ಮುಂದಿನ ವಾರಗಳೆಲ್ಲ ಈ ಕೈಯದೇ ಕೆಲಸ. ರೈಡರ್ ಆಗಿದ್ದಾಗ ಮುಟ್ಟಿ ಓಡಿದರೆ ಆಯಿತು, ಕೈ ಎಲ್ಲಿಗೆ ಹೋದರೂ ನಷ್ಟವಿರಲಿಲ್ಲ. ಕಾರ್ನರ್‌ಗೆ ಕೈಯೇ ಬಂಡವಾಳ. ಭವ್ಯಶ್ರೀ ಅವನ ಎರಡೂ ಮಣಿಕಟ್ಟುಗಳನ್ನು ಹಳೆಯ ದುಪಟ್ಟಾದಿಂದ, ನಡುವೆ ಗೇಣು ಜಾಗ ಬಿಟ್ಟು, ಕಟ್ಟಿದರು. ಹಾಗೆ ಕಟ್ಟಿದಾಗ ಅವನು ಅದ್ಭುತ ಕಾರ್ನರ್. ಭವ್ಯಶ್ರೀಯ ಗಂಡ ಚಿನ್ಮಯ, ಕಾರ್ಕಳದ ಕಾಲೇಜೊಂದರಲ್ಲಿ ಸಂಸ್ಕೃತ ಉಪನ್ಯಾಸಕ, ರಜೆಯ ದಿನಗಳಲ್ಲಿ ಪಂಚೆ ಎತ್ತಿ ಕಟ್ಟಿ ರೈಡರ್ ಆಗಿ ಬರುತ್ತಿದ್ದರು. ಬಿಡಿಸಿಕೊಳ್ಳಲಾಗದೆ ಮಣ್ಣಿನಲ್ಲಿ ಬಿದ್ದು, "ಇವನನ್ನು ಬಿಚ್ಚಬೇಡ, ಹೀಗೇ ಮಣಿಪಾಲಕ್ಕೆ ಕಳಿಸು" ಎನ್ನುತ್ತಿದ್ದರು.

ದುಪಟ್ಟಾ ಬಿಚ್ಚಿದ ಮೇಲೂ ಕೈ ನಿಲ್ಲತೊಡಗಿತು. ಮೊದಲು ಬೆರಳುಗಳು ಮಾತ್ರ ಮಿಡುಕುತ್ತಿದ್ದವು, ಆಮೇಲೆ ಅದೂ ಕಡಿಮೆಯಾಯಿತು. ಒಂದು ದಿನ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಚೀಲಕ್ಕೆ ಕಾಲು ತಾಗಿ, ಕೈ ಏಳದೆ ಇದ್ದದ್ದನ್ನು ಜಿತೇಶ್ ಗಮನಿಸಿದ. ಕಾರ್ನರ್ ಆದೆ ಎಂದು ಸಂತೋಷವಾಯಿತು. ಮನೆ ಮುಟ್ಟುವ ತನಕ ಒಂಥರಾ ಸಂಕಟವೂ ಆಯಿತು.

ಆಗ ಬಂದದ್ದು ಕಾಪುವಿನ ಪಂದ್ಯಾಟ. ಹಳದಿ ಅಕ್ಷರದ ಫ್ಲೆಕ್ಸ್ ಹೆದ್ದಾರಿಯ ಎರಡೂ ಬದಿಗೆ ನಿಂತಿತ್ತು. ಹೋಗದೆ ಇರುವ ಹಾಗಿರಲಿಲ್ಲ, ರೈಡ್ ಮಾಡದೆ ಇರುವ ಹಾಗೂ ಇರಲಿಲ್ಲ. ಮೊದಲ ರೈಡಿನಲ್ಲಿ ಟೋ ಟಚ್ ಸಿಕ್ಕಿತು. ಕೈ ಏಳಲಿಲ್ಲ. ಅಂಪೈರ್ ಅವನ ಕೈ ನೋಡಿ, ಎದುರಿನವರ ಮುಖ ನೋಡಿ, ಅಂಕ ಕೊಡಲಿಲ್ಲ.

"ಟಚ್ ಆಗಿದೆ ಸರ್!" ಎಂದ ಜಿತೇಶ್.

"ಕೈ ಎಲ್ಲಿ ಹೋಯ್ತು ಮತ್ತೆ?" ಎಂದರು ಅಂಪೈರ್.

ಮೈಕಿನಲ್ಲಿ ಕಾರ್ಲ್ಟನ್, "ಏನಾಯಿತು ನಮ್ಮ ಸಂಸ್ಕಾರಕ್ಕೆ? ಪಟ್ಟಣದ ಗಾಳಿ ತಾಗಿತೇ?" ಎಂದು ಕೇಳಿದ. ಜನ ನಕ್ಕರು. ತಂಡದವರು ಸಿಟ್ಟಿನಿಂದ ನೋಡಿದರು. ಎರಡನೇ ರೈಡಿನಲ್ಲಿ ಜಿತೇಶ್ ಬೇಕೆಂದೇ ಕೈ ಎತ್ತಿ ಎದೆಗೆ ಇಟ್ಟ. ಮೂರನೆಯದಕ್ಕೆ ಬೇಕೆಂದು ಎತ್ತಬೇಕಾಗಲಿಲ್ಲ. ಕಪ್ ಗೆದ್ದರು, ಉತ್ತಮ ರೈಡರ್ ಪ್ರಶಸ್ತಿಯೂ ಬಂತು. ಮರುದಿನ ವೀಡಿಯೋ ನೋಡಿದ ಭವ್ಯಶ್ರೀ ಫೋನ್ ಮಾಡಿ, "ನನ್ನ ದುಪಟ್ಟಾ ದಂಡ" ಎಂದಷ್ಟೇ ಹೇಳಿ ಇಟ್ಟರು.

ಮಣಿಪಾಲದ ಒಳಾಂಗಣ ಕ್ರೀಡಾಂಗಣದಲ್ಲಿ ಟ್ರಯಲ್ಸ್ ಇದ್ದದ್ದು ಒಂದು ಶನಿವಾರ. ಹೊರಡುವ ಮುಂಚೆ ಜಿತೇಶ್ ತಾಯಿಗೆ ಮಾತ್ರ ನಿಜ ಹೇಳಿದ. ಸ್ವರ್ಣಲತಾ ರಜೆ ಹಾಕಿ ಜೊತೆಗೇ ಬಂದರು. ಮಗನ ಆಟವನ್ನು ಅವರು ಫ್ಲೆಕ್ಸಿನಲ್ಲಿ ಬಿಟ್ಟರೆ ನೋಡಿದವರೇ ಅಲ್ಲ. ಗ್ಯಾಲರಿಯಲ್ಲಿ ಕ್ಲಾರೆನ್ಸ್ ಸರ್ ಪಕ್ಕ, ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕುಳಿತರು.

ಕೋಚ್ ಉತ್ತರದ ಕಡೆಯವರು, ದಪ್ಪ ಕುತ್ತಿಗೆಯ ಮನುಷ್ಯ. ಹಿಂದಿಯಲ್ಲಿ ಕಡಿಮೆ ಮಾತು. ಎಡ ಕಾರ್ನರ್ ಯಾರು ಎಂದು ಕೇಳಿದಾಗ ಕೈ ಎತ್ತಿದವರು ಇಬ್ಬರೇ. ಒಬ್ಬ ಕುಂದಾಪುರದ ಕಡೆಯವನು, ಅಭ್ಯಾಸದಲ್ಲೇ ಹೆಗಲು ನೋವು ಮಾಡಿಕೊಂಡು ಪಕ್ಕಕ್ಕೆ ಕುಳಿತ. ಉಳಿದವನು ಜಿತೇಶ್. ರೈಡರ್‌ಗಳು ಮಾತ್ರ ಗೋಡೆಯುದ್ದಕ್ಕೂ ಇದ್ದರು. ಅವರಲ್ಲಿ ಸಂತೆಕಟ್ಟೆಯ ಶ್ರವಣ್ ಇದ್ದ, ಜಿತೇಶನದೇ ಕಾಲೇಜು, ಎರಡು ವರ್ಷ ಕಿರಿಯ, ನಿಂತರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ.

"ನೀವು ಇಲ್ಲೆಂತ ಮಾಡ್ತೀರಿ ಅಣ್ಣ, ಹಿಡಿಯುವವರ ಸಾಲಲ್ಲಿ?" ಎಂದ ಶ್ರವಣ್.

"ಸುಮ್ಮನೆ. ಬದಲಾವಣೆಗೆ."

"ಕಾಲಿಗೆ ಪೆಟ್ಟಾ?"

ಮೊದಲ ರೈಡರ್ ಬಂದ. ಜಿತೇಶ್ ಎರಗಿ ಪಾದ ಹಿಡಿದ, ಉಳಿದವರು ಮೇಲೆ ಬಿದ್ದರು, ವಿಸಿಲ್. ಎರಡನೆಯವನೂ ಹಾಗೆಯೇ. ಕೋಚ್ ಕುರ್ಚಿಯಿಂದ ಎದ್ದು ಮ್ಯಾಟಿನ ಅಂಚಿಗೆ ಬಂದು ನಿಂತರು. ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಗ್ಯಾಲರಿಯಲ್ಲಿ ಕ್ಲಾರೆನ್ಸ್ ಸರ್ ಎರಡೂ ಕೈಯ ಬೆರಳುಗಳನ್ನು ಹೆಣೆದು ಬಿಗಿಯಾಗಿ ಹಿಡಿದುಕೊಂಡದ್ದನ್ನು ಸ್ವರ್ಣಲತಾ ನೋಡಿದರು. ಒಳ್ಳೆಯದೇನೋ ಆಗುತ್ತಿದೆ ಎಂದು ಅರ್ಥವಾಯಿತು.

ಮೂರನೆಯವನು ಶ್ರವಣ್. ಅವನ ಉದ್ದ ಕಾಲು ಹೆಚ್ಚುವರಿ ಅಂಕ ತರುವ ಬೋನಸ್ ಗೆರೆ ದಾಟಿದ ಕ್ಷಣದಲ್ಲಿ ಜಿತೇಶ್ ಎರಗಿದ. ಹಿಮ್ಮಡಿಗೆ ಎರಡೂ ಕೈ, ಬೀಗ. ಶ್ರವಣ್ ಒಮ್ಮೆ ಜಿಗಿದು, ತಿರುಚಿ, ಪಕ್ಕಕ್ಕೆ ಬಿದ್ದ. ಬಿದ್ದಾಗ ಅವನ ತಲೆ ಜಿತೇಶನ ಕಾಲಿನ ಕಡೆಗೆ ಬಂತು. ಹಿಡಿತ ಬಿಗಿ ಮಾಡಲು ಜಿತೇಶ್ ಮೈ ತಿರುಗಿಸಿದ್ದೇ, ಅವನ ಹಿಮ್ಮಡಿ ಶ್ರವಣನ ಗಲ್ಲಕ್ಕೆ ತಾಗಿತು. ಟಕ್ ಎಂದು ಹಲ್ಲು ಕೂಡಿದ ಸದ್ದು ಗ್ಯಾಲರಿಗೂ ಕೇಳಿಸಿತು.

ಬಲಗೈ ಬೀಗ ಬಿಟ್ಟಿತು. ಶ್ರವಣನ ಭುಜ ಮುಟ್ಟಿತು, ಎದೆಗೆ ಹೋಯಿತು.

ಒಂದೇ ಕೈಯಲ್ಲಿ ಉಳಿದ ಪಾದ ಜಾರಿತು. ಅಷ್ಟರಲ್ಲಿ ಮೇಲೆ ಬಿದ್ದಿದ್ದ, ಕಾರ್ನರ್‌ಗಳ ಒಳಬದಿಯಲ್ಲಿ ನಿಲ್ಲುವ ಇಬ್ಬರು ಕವರ್ ಆಟಗಾರರನ್ನೂ ಎಳೆದುಕೊಂಡು ಶ್ರವಣ್ ಹೊಟ್ಟೆಯ ಮೇಲೆ ಮುಂದಕ್ಕೆ ತೆವಳಿ, ಬಲಗೈ ಚಾಚಿ, ಮಧ್ಯದ ಬೆರಳಿನ ತುದಿಯಿಂದ ನಡುಗೆರೆ ಮುಟ್ಟಿದ. ಹಿಡಿದಿದ್ದ ಮೂವರೂ ಔಟ್.

ಕ್ರೀಡಾಂಗಣದಲ್ಲಿ ಉಡುಪಿ ಕಡೆಯವರೆಲ್ಲ ನಕ್ಕರು; ಅವರಿಗೆ ಆ ಕೈ ಗೊತ್ತಿತ್ತು. ಕೋಚ್ ನಗಲಿಲ್ಲ. ಕೆಳಗಿಳಿದು ಬಂದಿದ್ದ ಕ್ಲಾರೆನ್ಸ್ ಸರ್ ಹತ್ತಿರ, ಇವನು ನಡುವೆ ಮಾಡಿದ್ದೇನು ಎಂದು ಕೇಳಿದರು. ಸರ್ ತಮ್ಮ ಹಿಂದಿಯಲ್ಲಿ ಸಾಧ್ಯವಾದಷ್ಟು ವಿವರಿಸಿದರು. ಕೋಚ್ ಗಂಭೀರವಾಗಿ ಕೇಳಿಸಿಕೊಂಡು, ಜಿತೇಶನ ಬೆನ್ನು ತಟ್ಟಿ, ತುಂಬ ಒಳ್ಳೆಯ ಹುಡುಗ, ಇವನ ತಾಯಿಗೆ ನನ್ನ ನಮಸ್ಕಾರ ತಿಳಿಸಿ, ಎಂದರು. ಆಮೇಲೆ, ಕಾರ್ನರ್‌ಗೆ ನನಗೆ ಒಳ್ಳೆಯ ಹುಡುಗರು ಬೇಡ, ಎಂದರು.

ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂತು ಸ್ವರ್ಣಲತಾ ಮಗನಿಗೆ ಡಬ್ಬಿಯಿಂದ ಅವಲಕ್ಕಿ ಬಡಿಸಿದರು.

"ನೀನು ಅಲ್ಲಿ ಕೈ ಯಾಕೆ ಬಿಟ್ಟದ್ದು?"

"ಅವನ ಮುಖಕ್ಕೆ ಕಾಲು ತಾಗಿತಲ್ಲ ಅಮ್ಮ."

"ತಾಗಿದ್ರೆ?"

ಜಿತೇಶ್ ಕೈಯಲ್ಲಿದ್ದ ತುತ್ತು ಹಿಡಿದುಕೊಂಡೇ ತಾಯಿಯನ್ನು ನೋಡಿದ. "ನೀವೇ ಅಲ್ವಾ ಕಲಿಸಿದ್ದು?"

"ನಾನು ಕಲಿಸಿದ್ದು ಮನೆಗೆ ಮಾರಾಯ! ಆಟಕ್ಕೆ ಯಾರು ಹೇಳಿದ್ದು? ಬಸ್ಸಿಗೆ ಹತ್ತುವಾಗ ನೂಕಾಡ್ತಾರೆ, ಯಾರಾದ್ರೂ ನಿಂತು ನಮಸ್ಕಾರ ಮಾಡ್ತಾರಾ?" ಸ್ವರ್ಣಲತಾ ಡಬ್ಬಿಯ ಮುಚ್ಚಳ ಹಾಕಿದರು. "ನಾನು ಆ ಫ್ಲೆಕ್ಸ್ ನೋಡಿ, ಫೋಟೋಗೋಸ್ಕರ ಹಾಗೆ ನಿಂತದ್ದು ಅಂತ ಅಂದುಕೊಂಡಿದ್ದೆ."

ಜಿತೇಶ್ ಅವಲಕ್ಕಿ ತಿಂದ.

ಮಧ್ಯಾಹ್ನ ಕೋಚ್ ಒಂದು ವಿಚಿತ್ರ ಕೆಲಸ ಮಾಡಿದರು. ನಡುಗೆರೆಯ ತನಕ ಚಾಚಿದ ಆ ಉದ್ದ ಕೈ ಅವರ ಕಣ್ಣಿನಲ್ಲಿ ಕೂತಿತ್ತು. ಶ್ರವಣನನ್ನು ಕರೆದು ಎಡ ಕಾರ್ನರ್‌ನಲ್ಲಿ ನಿಲ್ಲಿಸಿದರು. ತಾನು ರೈಡರ್, ಹಿಡಿಯಲು ಬರುವುದಿಲ್ಲ ಎಂದ ಶ್ರವಣ್. ನಿಲ್ಲು ಎಂದರು ಕೋಚ್. ಬೆಳಗ್ಗಿನಿಂದ ರೈಡ್ ಮಾಡದ, ಸುಸ್ತಾಗದ ರೈಡರ್ ಬೇಕಿತ್ತು. ಗೋಡೆಯುದ್ದಕ್ಕೆ ಕೂತವರೆಲ್ಲ ಸೋತು ಬಸವಳಿದಿದ್ದರು. ಕ್ಲಾರೆನ್ಸ್ ಸರ್ ಜಿತೇಶನನ್ನು ಮುಂದಕ್ಕೆ ತಳ್ಳಿದರು.

ಹಿಡಿಯುವುದಕ್ಕೆ ಬಂದವನು ರೈಡ್ ಮಾಡಿದ, ರೈಡ್ ಮಾಡಲು ಬಂದವನು ಹಿಡಿದ. ಜಿತೇಶನಿಗೆ ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲವಾದ್ದರಿಂದ ತುಂಬ ಚೆನ್ನಾಗಿ ಆಡಿದ. ಬೆರಳು ಅಲ್ಲಲ್ಲಿ ತಾಗಿತು, ಕೈ ಎದೆಗೆ ಹೋಯಿತು, ಯಾರೂ ತಕರಾರು ಮಾಡಲಿಲ್ಲ. ಕೊನೆಗೊಮ್ಮೆ ಶ್ರವಣನ ಉದ್ದ ತೋಳು ಎಲ್ಲಿಂದಲೋ ಬಂದು ಅವನ ಪಾದ ಹಿಡಿಯಿತು. ಜಿತೇಶ್ ಬಿದ್ದ. ಬೀಳುವಾಗ ಶ್ರವಣನ ಮೊಣಕಾಲು ಅವನ ಮೂಗಿಗೆ ತಾಗಿ ಕಣ್ಣಲ್ಲಿ ನೀರು ಬಂತು.

"ಸಾರಿ ಅಣ್ಣ! ಸಾರಿ, ಸಾರಿ," ಎಂದು ಶ್ರವಣ್ ಕೂಗಿದ. ಕೈ ಬಿಡಲಿಲ್ಲ. ವಿಸಿಲ್ ಆದ ಮೇಲೂ ಸ್ವಲ್ಪ ಹೊತ್ತು ಸಾರಿ ಹೇಳುತ್ತ ಹಿಡಿದುಕೊಂಡೇ ಇದ್ದ.

ಸಂಜೆ ಹೆಸರು ಓದಿದರು. ಎಡ ಕಾರ್ನರ್, ಶ್ರವಣ್. ಆಮೇಲೆ ಕೋಚ್ ಜಿತೇಶನನ್ನು ಹತ್ತಿರ ಕರೆದರು. ಈ ಉದ್ದನೆಯವನಿಗೆ ಇನ್ನೂ ಏನೂ ಬರುವುದಿಲ್ಲ, ಕಲಿಸಬೇಕು. ಟೋ ಟಚ್ ಮಾಡುವ, ಕಾಲು ಬಿಡಿಸಿಕೊಳ್ಳಲು ತಿಳಿದ ರೈಡರ್ ಒಬ್ಬ ಶಿಬಿರಕ್ಕೆ ಬೇಕು. ಪಂದ್ಯ ಆಡಲಿಕ್ಕಲ್ಲ, ಬೆಂಚಿನಲ್ಲಿ ಕೂರಲಿಕ್ಕೂ ಅಲ್ಲ. ಅಭ್ಯಾಸಕ್ಕೆ. ತಂಡದ ಜೆರ್ಸಿ ಕೊಡುತ್ತೇವೆ, ಹಿಂದೆ ಹೆಸರು ಇರುವುದಿಲ್ಲ. ಬರುತ್ತೀಯಾ?

ಜಿತೇಶ್ ಕ್ಲಾರೆನ್ಸ್ ಸರ್ ಕಡೆ ನೋಡಿದ. ಅವರು ಮೇಲೆ ಛಾವಣಿಯ ಫ್ಯಾನ್ ನೋಡುತ್ತಿದ್ದರು. ತಾಯಿ ಬಾಟಲಿಗೆ ನೀರು ತುಂಬಿಸಿಕೊಳ್ಳುತ್ತಿದ್ದರು. ಕಾರ್ಕಳದ ಬ್ರಾಂಚಿನ ಗಾಜಿನ ಬಾಗಿಲು ಒಂದು ಕ್ಷಣ ಕಣ್ಣ ಮುಂದೆ ಬಂತು.

"ಬರ್ತೇನೆ," ಎಂದ.

ವಿಠಲರಿಗೆ ಎಲ್ಲವನ್ನೂ ಹೇಳಿದ್ದು ಸ್ವರ್ಣಲತಾ. ಅವರು ಕೇಳಿ ಮುಗಿಸಿ, "ಹಾಗಾದ್ರೆ ಅಜೆಕಾರಿನ ಆರ್ಡರ್ ಎಲ್ಲ ಸುಳ್ಳಾ?" ಎಂದರು. ಸುಳ್ಳಲ್ಲ, ಆರ್ಡರ್ ನಿಜ, ಹೋದ ಕಾರಣ ಮಾತ್ರ ಸುಳ್ಳು ಎಂದು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಬ್ರಾಂಚನ್ನು ಯುಗಾದಿಗೆ ಮುಂದೂಡಿದರು. ರದ್ದು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಕಾರ್ಲ್ಟನ್ ಅಂಗಡಿಗೆ ಬಂದು ಅಭಿನಂದನೆಯ ಎರಡು ಫ್ಲೆಕ್ಸ್‌ಗೆ ಹೇಳಿದ. ಒಂದು ಸಂತೆಕಟ್ಟೆಯಲ್ಲಿ ಹಾಕಲು, ಒಂದು ಕಟಪಾಡಿಯಲ್ಲಿ.

"ಶ್ರವಣಂದು ಕಾರ್ನರ್ ಅಂತ ಹಾಕು. ನಿಂದು ಇದ್ದದ್ದೇ, ರೈಡರ್. ಲೀಗಿಗೆ ಆಯ್ಕೆಯಾದ ಸಂಸ್ಕಾರವಂತ ರೈಡರ್."

"ಆಯ್ಕೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಅಭ್ಯಾಸಕ್ಕೆ ಕರೆದದ್ದು."

"ಅಷ್ಟು ಉದ್ದ ಬರೆದ್ರೆ ಯಾರು ಓದ್ತಾರೆ? ಆಯ್ಕೆ ಅಂತ ಹಾಕು."

ಶ್ರವಣ್ ಕಳಿಸಿದ ಫೋಟೋಗಳೆಲ್ಲ ರೈಡ್ ಮಾಡುವಾಗಿನವೇ. ಹಿಡಿಯುತ್ತಿರುವ ಒಂದೇ ಒಂದು ಚಿತ್ರ ಮಣಿಪಾಲದಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಶ್ರವಣ್ ನೆಲದಲ್ಲಿ ಮಲಗಿ ಒಂದು ಪಾದ ಹಿಡಿದು ಬಾಯಿ ತೆರೆದಿದ್ದ. ಜಿತೇಶ್ ಆ ಪಾದದ ಮೇಲಿದ್ದ ತನ್ನ ಮೈಯನ್ನೆಲ್ಲ ಕತ್ತರಿಸಿ, ಹಿನ್ನೆಲೆ ಅಳಿಸಿ, ಹಳದಿಯಲ್ಲಿ ಕಾರ್ನರ್ ಶ್ರವಣ್ ಎಂದು ಬರೆದು ಪ್ರಿಂಟಿಗೆ ಹಾಕಿದ.

ಶಿಬಿರ ಪುಣೆಯಲ್ಲಿ. ಇಬ್ಬರಿಗೂ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಿಂದ ಒಂದೇ ರೈಲಿನಲ್ಲಿ ಟಿಕೆಟ್ ಆಗಿದೆ. ಮೊದಲ ವಾರ ಪೂರ್ತಿ ಎಡ ಕಾರ್ನರ್‌ಗೆ ಜಿತೇಶನ ಪಾದ ಹಿಡಿಯುವ ಅಭ್ಯಾಸ.